ಮೂಟೆಯೊಳಗೆ ಕೂತ ಯುವರಾಜ

ಬಹಳ ಹಿಂದೆ, ಕಡಲಂಚಿನ ರತ್ನಾವತಿ ಅನ್ನೋ ರಾಜ್ಯದಲ್ಲಿ ಜಯಕೇತು ಅಂತ ಒಬ್ಬ ಯುವರಾಜನಿದ್ದ. ಆಳು ಚಂದ, ಮೀಸೆ ಇನ್ನೂ ಚಂದ. ಆದರೆ ಕಡಲಿಗೂ ಅವನ ಹೊಟ್ಟೆಗೂ ಆಗಿಬರುತ್ತಿರಲಿಲ್ಲ.

ಅಲ್ಲೊಂದು ಪದ್ಧತಿ. ಪಟ್ಟಕ್ಕೇರುವವನು ಹಾಯಿಹಡಗಿನಲ್ಲಿ ಹೋಗಿ, ಹಿರಿಯರು ಕಟ್ಟಿಸಿದ ಮೂರು ಹಳೇ ಬಂದರುಗಳಲ್ಲಿ ಇಳಿದು, ಕೋಟೆಬಾಗಿಲಲ್ಲಿ ಆರತಿ ಎತ್ತಿಸಿಕೊಳ್ಳಬೇಕು. ಮೂರು ಆರತಿ ಆದವನೇ ರಾಜ.

ಹೊರಟ ದಿನವೇ ಜಯಕೇತು ವಾಂತಿ ಮಾಡಿ ಮಾಡಿ ಹಳದಿಯಾದ. ಆ ಮುಖ ಹೊತ್ತು ಇಳಿದರೆ ಹೆಂಗಸರು ನಗೋದಿಲ್ವೇ? ಹಾಯಿ ಕಟ್ಟುವ ಸಣ್ಣಯ್ಯನಿಗೆ ತನ್ನ ಜರಿ ಅಂಗಿ ತೊಡಿಸಿ ಕಳಿಸಿದ. ತಾನು ಒಣಮೀನಿನ ಮೂಟೆಯೊಳಗೆ ಅಡಗಿ ಕೂತ. ಎಂಥ ಮಾನಗೇಡು!

ಶಂಖಪಟ್ಟಣದಲ್ಲಿ ಸಣ್ಣಯ್ಯನಿಗೆ ಆರತಿಯಾಯ್ತು. ಹವಳಕೋಟೆಯಲ್ಲಾಯ್ತು. ಮೋಡ ಮುಟ್ಟುವ ನೀಲಿಬೆಟ್ಟದ ಬುಡದ ಮೇಘಬಂದರಿನಲ್ಲೂ ಆಯ್ತು. ಆ ಬೆಟ್ಟದ ತುದಿಯಲ್ಲಿ ಕರ್ಕಶನೆಂಬ ಮಾಂತ್ರಿಕನಿದ್ದ. ಅವನ ಮಾಯೆ ರಾಜರ ಮೇಲೆ ಮಾತ್ರ ನಡೆಯುತ್ತಿತ್ತು. ರಾಜನಲ್ಲದವನ ಮೇಲೆ ಇದ್ದು, ಆ ನಿಜವನ್ನು ಯಾರಾದರೂ ಎದುರಿಗೇ ನಿಂತು ಹೇಳಿದರೆ, ಮಾಂತ್ರಿಕನಿಗೇ ತಿರುಗುತ್ತಿತ್ತು. ಮೂರನೇ ಆರತಿ ಮುಗಿದದ್ದೇ ತಡ, ಹದ್ದಾಗಿ ಎರಗಿ ಸಣ್ಣಯ್ಯನನ್ನು ನೀರುಕಾಗೆ ಮಾಡಿ ಹೊತ್ತೊಯ್ದ.

"ನಾನು ರಾಜನಲ್ಲ! ರಾಜ ಹಡಗಿನಲ್ಲಿದ್ದಾನೆ!" ಅಂತ ಸಣ್ಣಯ್ಯ ಕೂಗಿದ್ದು ಮೂಟೆಯೊಳಗಿದ್ದವನಿಗೆ ಕೇಳಿಸಿತು. ಅವನು ಉಸಿರೆತ್ತಲಿಲ್ಲ.

ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಸೋಮಿ, ಸಣ್ಣಯ್ಯನ ಹೆಂಡತಿ, ಮೂಟೆ ಬಿಚ್ಚಿದಳು. "ಏನ್ರೀ ಯುವರಾಜ್ರೇ, ಪಟ್ಟಾಭಿಷೇಕ ಮೀನಿನ ಮೂಟೆಯಲ್ಲೇ ಆಯ್ತಾ?"

"ಅವನನ್ನು ಹೇಗೆ ಬಿಡಿಸಲಿ, ತಾಯಿ?"

"ಆರತಿ ಎತ್ತಿದವರೇ ಅದನ್ನ ವಾಪಸು ತಗೊಂಡರೆ ನನ್ನ ಗಂಡ ರಾಜನಲ್ಲ. ಹೋಗಿ, ನಡೆದದ್ದನ್ನ ನಿಮ್ಮ ಬಾಯಲ್ಲೇ ಹೇಳಿ."

ಮೇಘಬಂದರಿನ ಸಂತೆಯಲ್ಲಿ ನಿಂತು ಹೇಳಿದ. ಜನ ಹೊಟ್ಟೆ ಹಿಡಿದು ನಕ್ಕರು. ಆರತಿ ವಾಪಸು ತಗೊಂಡರು. ಹವಳಕೋಟೆಯಲ್ಲಿ ಹೇಳಿದ. ಒಬ್ಬ ಮುದುಕಿ ಕೆಂಪು ಆರತಿನೀರನ್ನೇ ಮುಖಕ್ಕೆ ಎರಚಿ, "ತಗೊಂಡೆ ಹೋಗು" ಅಂದಳು. ಶಂಖಪಟ್ಟಣದಲ್ಲಿ ಹೇಳಿದ. ಅಲ್ಲಿ ಯಾರೂ ನಗಲಿಲ್ಲ, ಬೈಯಲಿಲ್ಲ. ಹೆಂಗಸರು ಸುಮ್ಮನೆ ದೀಪ ಆರಿಸಿ ಬಾಗಿಲು ಹಾಕಿಕೊಂಡರು. ಅಲ್ಲೇ ಅವನು ಅತ್ತದ್ದು.

ನಾಚಿಕೆಯಿಂದ ತಲೆಯೆತ್ತದೆ ಮೇಘಬಂದರಿಗೆ ವಾಪಸು ಬಂದು ಬೆಟ್ಟ ಹತ್ತಿದ.

"ಬಾರೋ, ನಿಜವಾದ ರಾಜ!" ಅಂದ ಕರ್ಕಶ.

"ಎಲ್ಲಿಯ ರಾಜ? ನನಗೆ ಒಂದು ಆರತಿಯೂ ಆಗಿಲ್ಲ. ಅವನ ಮೂರನ್ನೂ ವಾಪಸು ತಗೊಂಡರು. ಈಗ ನಿನ್ನ ಪಂಜರದಲ್ಲಿರೋದು ಹಾಯಿ ಕಟ್ಟೋನು."

ಪಂಜರ ಒಡೆಯಿತು. ಸಣ್ಣಯ್ಯ ಮನುಷ್ಯನಾಗಿ ಎದ್ದು ನಿಂತ. ಮಾಯೆ ತಿರುಗಿ, ಕರ್ಕಶನೇ ನೀರುಕಾಗೆಯಾಗಿ ಕೂಗುತ್ತಾ ಕಡಲಿಗೆ ಹಾರಿಹೋದ.

ಮರುವರ್ಷ ಜಯಕೇತು ಹಳದಿ ಮುಖ ಹೊತ್ತೇ ಮೂರೂ ಬಂದರುಗಳಲ್ಲಿ ಇಳಿದ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು, ಆರತಿಯನ್ನೂ ಎತ್ತಿದರು. ಒಳ್ಳೆ ರಾಜನೇ ಆದ. ಸಣ್ಣಯ್ಯ, ಸೋಮಿ ಮಕ್ಕಳುಮರಿಗಳೊಂದಿಗೆ ಉಂಡುಟ್ಟು ಸುಖವಾಗಿದ್ದರು, ರಾಜ್ಯವೂ ಸುಖವಾಗಿತ್ತು. ಆದರೆ ದಾರಿಯಲ್ಲಿ ಸೋಮಿ ಎದುರಾದರೆ, ಅಷ್ಟು ದೊಡ್ಡ ರಾಜ ಪಲ್ಲಕ್ಕಿಯ ಪರದೆ ಎಳೆದುಕೊಳ್ಳುತ್ತಿದ್ದನಂತೆ.