ಸಂಜೆಗಡಲಿನ ನಕ್ಷೆ

"ಇದನ್ನ ನೀವಽ ಬರದೀರೇನ್ರಿ?"

ಗದಗಿನ ಅಚ್ಚುಕೂಟದ ಬಾಗಿಲಲ್ಲೇ, ಸಪ್ನಾ ತಂದ ನಕ್ಷೆ ಬಿಚ್ಚಿ ನೋಡಿ ಸುನಿಲಕುಮಾರ ಕೇಳಿದ. ನಮಸ್ಕಾರವಿಲ್ಲ, ನಗುವಿಲ್ಲ. ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡಿದವರು ಮುಖ ನೋಡಿದ್ದು ಇವತ್ತೇ ಮೊದಲು. ಸಪ್ನಾ ಬೆಳಿಗ್ಗೆ ಹಾಕಿದ ಜಡೆ ಬಿಚ್ಚಿ ಮತ್ತೆ ಹಾಕಿಕೊಂಡು ಬಂದಿದ್ದಳು, ಪಾಪ.

ಅವನು ಶಿಗ್ಲಿಯ ಹುಡುಗ, ಎಲ್ಲೂ ಇಲ್ಲದ ನಾಡೊಂದನ್ನು ಕಟ್ಟಿ ಕಾದಂಬರಿ ಬರೆದವನು. ಅವಳು ಬೆಟಗೇರಿಯ ನೇಕಾರರ ಮಗಳು. ಅವನು ಕಳಿಸಿದ ಕಚ್ಚಾ ಗೆರೆಗಳನ್ನು ನೋಡಿ, ಟ್ರೇಸಿಂಗ್ ಹಾಳೆಯ ಮೇಲೆ ಆ ನಾಡಿನ ಬೆಟ್ಟ, ಹೊಳೆ, ಕಡಲು ಎಲ್ಲ ಬಿಡಿಸಿದ್ದಳು. ಊರುಗಳ ಹೆಸರನ್ನು ಮಾತ್ರ ತಾನೇ ಬರೆಯುತ್ತೇನೆಂದಿದ್ದ. ಸಂಜೆಯೊಳಗೆ ನಕ್ಷೆ ಅಚ್ಚಿಗೆ ಹೋಗಬೇಕು.

"ಹೊತ್ತು ಮುಳುಗೋ ಕಡಲ ರೀ ಅದು, ಸಂಜೆಗಡಲು. ನೀವು ಮೂಡಣಕ್ಕ ಇಟ್ಟೀರಿ. ಕಥಿ ಓದೇ ಇಲ್ಲ, ಅಲ್ಲಾ?"

ಸಪ್ನಾ ಹಾಳೆ ನೋಡಿದಳು. ಇಡೀ ನಾಡೇ ಎಡಬಲ ಅದಲುಬದಲಾಗಿತ್ತು. ಹೇಗೆ...?

ಓದಿಲ್ಲವೇ? ಆ ಕಡಲ ದಂಡೆಯ ಪುಟಗಳನ್ನು ಓದಿ ದಿಂಬು ತೋಯಿಸಿದವಳು ಅವಳು. ಬರೆದವನನ್ನು ಕಾಣದೆಯೇ ಪ್ರೀತಿಸಿದವಳು. ಈ ನಕ್ಷೆ ಕೈತಪ್ಪಿದರೆ ಅವನೂ ಕೈತಪ್ಪುತ್ತಾನೆ. ಗೊತ್ತಿದ್ದೂ ಅಭಿಮಾನ ಅಡ್ಡ ಬಂತು.

"ಬ್ಯಾರೆಯವರ ಕಡೆ ಬರಸ್ಕೋರಿ," ಎಂದವಳೇ ಹೊರಟುಬಿಟ್ಟಳು.

ಮಧ್ಯಾಹ್ನ ಮನೆಯ ಮುಂದೆ ಅವನ ಬೈಕ್ ನಿಂತಿತು. ಸಪ್ನಾ ಬಾಗಿಲಿಗೆ ಬಂದಳು.

"ನನ್ನ ಕಚ್ಚಾ ಹಾಳಿ ನಿಮ್ಮ ಕಡೆ ಐತಿ. ಹುಬ್ಬಳ್ಳಿಯವರೊಬ್ಬರು ಬರದು ಕೊಡ್ತಾರಂತ," ಎಂದ, ಅವಳ ಮುಖ ನೋಡದೆ.

ಮಗ್ಗದ ಮುಂದೆ ಕೂತಿದ್ದ ಅವಳ ಅವ್ವ ಅಂಬವ್ವನಿಗೆ ಇದ್ಯಾವುದೂ ಗೊತ್ತಿಲ್ಲ. "ಬಾರಪಾ, ಕುಂಡ್ರು," ಎಂದು, ನೇಯುತ್ತಿದ್ದ ಸೀರೆಯ ಕೆಳಗೆ ಪುಟ್ಟ ಕನ್ನಡಿ ಹಿಡಿದು ಬಗ್ಗಿ ನೋಡಿದಳು.

"ಕನ್ನಡಿ ಯಾಕ್ರೀ ಅವ್ವಾರ?"

"ಸೀರಿ ಬೋರಲ ನೇಯ್ತೀವಪಾ, ಚೆಂದನ ಮಾರಿ ಕೆಳಗಿರತೈತಿ. ಅದಕ್ಕ ಇಕಿ ಗ್ರಾಫ್ ಹಾಳ್ಯಾಗ ಸೀರಿ ಚಿತ್ತಾರಾನ ಎಡಕಿಂದು ಬಲಕ್ಕ ತಿರುವೇ ಬರೀತಾಳ. ಸಣ್ಣಾಕಿ ಇದ್ದಾಗಿಂದ ಇಕಿ ಕೈಗೆ ಅದಽ ರೂಢಿ."

ಸುನಿಲಕುಮಾರ ಚೀಲದಿಂದ ನಕ್ಷೆ ತೆಗೆದು, ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದ. ಸಂಜೆಗಡಲು ಪಡುವಣಕ್ಕೆ ಬಂತು. ಬೆಟ್ಟ, ಹೊಳೆಯ ತಿರುವು, ಎಲ್ಲ ಸರಿ. ಅವನು ಕಚ್ಚಾ ಹಾಳೆಯಲ್ಲಿ ಬರೆಯಲು ಮರೆತಿದ್ದ ಒಂಟಿ ಹುಣಸೆಮರ ಕೂಡ ತನ್ನ ಜಾಗದಲ್ಲಿತ್ತು.

"ಈ ಮರ... ನಾ ನಿಮಗ ಹೇಳೇ ಇರಲಿಲ್ಲ."

"ಕಥ್ಯಾಗ ಐತಲ್ಲ." ಸಪ್ನಾ ಮರದ ಮೇಲೆ ಬೆರಳಿಟ್ಟಳು. "ನಿಮ್ಮ ಕಥಿ ಹುಡುಗಿ ಅದರ ಬುಡಕ್ಕ ಕುಂತು ಅಳ್ತಾಳ. ನಾನೂ ಅತ್ತೀನಿ."

"ಮತ್ತ ಆವಾಗ ಯಾಕ ಹೇಳಲಿಲ್ರಿ?"

"ನೀವು ಕೇಳಿದ್ರ ಹೇಳ್ತಿದ್ದೆ. ನೀವಽ ತೀರ್ಮಾನ ಮಾಡಿಬಿಟ್ರಿ."

ಅವನು ತಲೆ ತಗ್ಗಿಸಿದ. "ತಪ್ಪಾತು ಸಪ್ನಾ. ನಿಮಗ ನನ್ನ ಕಥಿ ಬ್ಯಾಡಾತು ಅಂದ್ರ, ನಾನೂ ಬ್ಯಾಡಾದೆ ಅನ್ನಿಸ್ತು. ಅದಕ್ಕ ಅಷ್ಟು ಸಿಟ್ಟು ಬಂತು."

ಅಂಬವ್ವ ಚಹಾ ಇಡುವ ನೆಪದಲ್ಲಿ ಒಳಗೆ ಹೋದಳು. ತಿಳಿದವಳು.

ಅವನು ಕೂತು ಒಂದೊಂದೇ ಊರಿನ ಹೆಸರು ಬರೆದ. ಹುಣಸೆಮರದ ಪಕ್ಕದ ಊರೊಂದು ಉಳಿಯಿತು. ಕಥೆಯಲ್ಲೂ ಅದಕ್ಕೆ ಹೆಸರಿರಲಿಲ್ಲ. ಪೆನ್ನನ್ನು ಅವಳತ್ತ ಚಾಚಿದ.

"ಇದಕ್ಕ ನೀವು ಹೆಸರಿಡ್ರಿ."

"ಯಾರ ಊರದು?"

"ನೀವು ಹೂಂ ಅಂದ್ರ... ನಮ್ಮದು."

ಸಪ್ನಾ ಪೆನ್ನು ತೆಗೆದುಕೊಂಡಳು.

"ಹೂಂ," ಎಂದಳು ಮೆಲ್ಲಗೆ. "ಹಾಳಿ ಗಟ್ಟಿ ಹಿಡೀರಿ. ನನ್ನ ಕೈ ನಡುಗಾಕತ್ತೈತಿ."