ಮೇಲಿನಂತೆ

"ದೋಷ ಅನ್ನೋ ಕಡೆ 'ಇಲ್ಲ' ಅಂತ ಬರೀಬೇಡಿ ಸಾರ್. ಈ ಹೊಸ್ತಿಲ ಕೆಳಗೆ ಮಾಟದ ಬೊಂಬೆ ಹೂತಿದಾರೆ. ಇಲ್ಲಿ ವಾಸ ಇರೋರನ್ನ ಅದು ಬಿಡಲ್ಲ. ಇದ್ದದ್ದು ಇದ್ದ ಹಾಗೆ ಬರೆದ್ರೆ ಮಾತ್ರ ಕಟ್ಟು ಬಿಚ್ಚುತ್ತೆ."

ಖಾಲಿ ಮನೆಯ ಪಡಸಾಲೆಯಲ್ಲಿ ನಿಂತು, ಮಾರಾಟದ ಅರ್ಜಿ ಟೈಪು ಮಾಡಿ ತಂದಿದ್ದ ಮುದಿ ಬೆರಳಚ್ಚುಗಾರ ಹೀಗೆ ಗೋಗರೆದಾಗ ದಲ್ಲಾಳಿಗೆ ನಗು ತಡೆಯಲಾಗಲಿಲ್ಲ. ಅವನು ಊರಿಗೆ ಹೊಸಬ, ಬಾಯಿಗೆ ಹಳಬ.

"ಗೆದ್ದಲಿಗೆ ಕಾಲಂ ಇದೆ, ಸೋರೋ ಚಾವಣಿಗೂ ಇದೆ. ದೆವ್ವಕ್ಕೆಲ್ಲಿದೆ ತಾತ?"

ಅಗ್ಗಕ್ಕೆ ತಾನೇ ಕೊಂಡಿದ್ದ ಮನೆ. ಇದನ್ನು ಮಾರಿದರೆ ಏಳು ತಿಂಗಳ ಬಸುರಿ ಹೆಂಡತಿಯನ್ನು ಒಂಟಿಕೋಣೆಯ ಬಾಡಿಗೆಮನೆಯಿಂದ ಬಿಡಿಸಬಹುದಿತ್ತು. ದೋಷ: ಇಲ್ಲ. ಹಾಲಿ ವಾಸ: ಯಾರೂ ಇಲ್ಲ. ಮಾರುವವರು ವಾಸವಿರುವ ವಿಳಾಸ? ನೂರಾರು ಅರ್ಜಿ ತುಂಬಿದ ಕೈಗೆ ಅಂಟಿದ ಚಾಳಿ, "ಮೇಲಿನಂತೆ" ಎಂದು ಗೀಚಿ ಸಹಿ ಹಾಕಿದ. ಮೇಲಿದ್ದದ್ದು ಈ ಖಾಲಿ ಮನೆಯ ವಿಳಾಸ.

"ಅಯ್ಯೋ, ಇಲ್ಲೇ ವಾಸ ಅಂತ ಬರ್ಕೊಟ್ರಲ್ಲ!" ಮುದುಕ ಎದ್ದೆನೋ ಬಿದ್ದೆನೋ ಎಂದು ಹೊರಗೋಡಿದ.

ಅವನ ಹಿಂದೆಯೇ ಬಾಗಿಲು ಬಡಿದುಕೊಂಡಿತು. ನಡುಮಧ್ಯಾಹ್ನದ ಬೆಳಕು ದೀಪ ಊದಿದಂತೆ ಆರಿತು. ಸುಟ್ಟ ಕೂದಲಿನ ನಾತ. ಹೊಸ್ತಿಲಡಿ ಪರಪರ ಕೆರೆಯುವ ಸದ್ದು. ತುಕ್ಕು ಹಿಡಿದ ಮೊಳೆಯೊಂದು ಕತ್ತಲಿನಿಂದ ಹಾರಿ ದಲ್ಲಾಳಿಯ ಎಡಗೈಯನ್ನು ಅರ್ಜಿ ಇಟ್ಟಿದ್ದ ಹಳೇ ಮೇಜಿಗೆ ಜಡಿಯಿತು. ಅವನು ಅರಚಿದ. ಇನ್ನೊಂದು ಭುಜ ಸೀಳಿತು. ಮೂಳೆ ಲಟಕ್ಕೆಂದಿತು. ರಕ್ತ ಅರ್ಜಿಯ ಮೇಲೆ ಸುರಿಯಿತು.

ಫೋನಿನ ಬೆಳಕಲ್ಲಿ ದೋಷದ ಕಾಲಂ ಕಂಡಿತು. ನಿಜ ಬರೆದರೆ ಜೀವ ಉಳಿದೀತು, ಆದರೆ ಈ ಮನೆಯನ್ನು ಯಾರೂ ಮೂಸಿಯೂ ನೋಡರು. ಪ್ರಾಣ ಹೋಗುವ ಹೊತ್ತಿನಲ್ಲೂ ಹಾಳು ವ್ಯಾಪಾರದ ಬುದ್ಧಿ! "ಮೇಲಿನಂತೆ" ಹೊಡೆದುಹಾಕಿದ. ತಾನು ನಿಜಕ್ಕೂ ವಾಸವಿದ್ದ ಬಾಡಿಗೆಮನೆಯ ಬೀದಿ, ಮಹಡಿ, ಬಾಗಿಲ ಸಂಖ್ಯೆ ಎಲ್ಲವನ್ನೂ ಬರೆದ.

ಮೊಳೆಗಳು ಕಳಚಿ ಬಿದ್ದವು. ಬಾಗಿಲು ತೆರೆಯಿತು. ಬದುಕಿದೆಯಾ ಬಡಜೀವವೇ ಎಂದು ಬಿಸಿಲಿಗೆ ಬಂದು ನಿಂತ.

ಫೋನ್ ಹೊಡೆದುಕೊಂಡಿತು. ಹೆಂಡತಿ.

"ರೀ, ಬೇಗ ಬನ್ನಿ... ನನ್ ಕೈಗೆ ಮೊಳೆ ಹೊಡೀತು ರೀ. ಮಂಚಕ್ಕೇ ಜಡೀತು. ಇಲ್ಲಿ ಯಾರೂ ಇಲ್ಲ... ಅಯ್ಯೋ, ಹೊಟ್ಟೆ ಕಡೆ ಇನ್ನೊಂದು ಬರ್ತಿದೆ..."

"ಬರೀತೀನಿ! ಎಲ್ಲಾ ಬರೀತೀನಿ!" ಕಿರುಚುತ್ತ ಒಳಗೋಡಿದ. ಅರ್ಜಿ ಎಳೆದುಕೊಂಡ. ದೋಷದ ಕಾಲಂ ಅವನದೇ ರಕ್ತದಲ್ಲಿ ನೆನೆದು ಮುದ್ದೆಯಾಗಿತ್ತು. ಪೆನ್ನು ಒತ್ತಿದ. ಹಾಳೆ ಹರಿಯಿತು. ಮತ್ತೆ ಒತ್ತಿದ. ಇನ್ನಷ್ಟು ಹರಿಯಿತು.

ಫೋನಿನಲ್ಲಿ ಅವಳ ಕೂಗು ನಿಂತಿತು. ಮೊಳೆ ಹೊಡೆಯುವ ಸದ್ದು ಮಾತ್ರ ನಿಲ್ಲಲಿಲ್ಲ.