ಶೆಫಾಲಿ ಖಾತುನ್ ಬರೆದ ಲೇಖನ

ಪಾಠಗಳ ಮೇಲೆ ನನ್ನ ಹೆಸರೂ ಇರಲಿ ಎಂದು ತೊಫಾಜ್ಜಲ್ ಕೇಳಿದಾಗ ರೆಜ್ವಾನ್ ನಕ್ಕುಬಿಟ್ಟ. ಬೈದಿದ್ದರೆ ತೊಫಾಜ್ಜಲ್ ಮರೆತುಬಿಡುತ್ತಿದ್ದನೇನೋ. ಆ ನಗುವಿನಲ್ಲಿ ಕೆಡುಕೂ ಇರಲಿಲ್ಲ. ವಯಸ್ಸಾದವರು ತಮ್ಮದೇ ಮದುವೆಯ ಮಾತೆತ್ತಿದರೆ ಮನೆಮಂದಿ ನಗುತ್ತಾರಲ್ಲ, ಅಂಥ ನಗು.

"ತೊಫಾಜ್ಜಲ್ ಭಾಯ್, ನಿಮ್ಮ ಹೆಸರು ನೋಡಿ ಯಾವ ಹುಡುಗಿ ಬಂದು ಸೇರ್ತಾಳೆ ಹೇಳಿ? ಅವರೆಲ್ಲ ಬರೋದು ನನ್ನ ವಿಡಿಯೋ ನೋಡಿ. ಬಿಡಿ ಅದನ್ನ, ಟೀ ತರಿಸ್ತೀನಿ."

ಟೀ ಬಂತು, ತೊಫಾಜ್ಜಲ್ ಕುಡಿದ. ಹಿಂದೆ ಇದೇ ರೆಜ್ವಾನ್ ರಾಜಶಾಹಿಯ ಪತ್ರಿಕೆಯೊಂದಕ್ಕೆ ತರಬೇತಿಗೆಂದು ಬಂದಾಗ ತೊಫಾಜ್ಜಲ್ ಅಲ್ಲಿ ಉಪಸಂಪಾದಕನಾಗಿದ್ದ. ರಸ್ತೆ ಅಪಘಾತದ ಸುದ್ದಿಯೊಂದನ್ನು ನೆಟ್ಟಗೆ ಬರೆಯಲು ಬಾರದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದ್ದ. ಪತ್ರಿಕೆ ಮುಚ್ಚಿತು. ರೆಜ್ವಾನ್ ಮೇಲೆದ್ದ. ಈಗ ಅದೇ ಊರಿನ ಲಕ್ಷ್ಮೀಪುರ ಬಡಾವಣೆಯಲ್ಲಿ, ರಕ್ತ ಪರೀಕ್ಷೆ ಮಾಡುವ ಡಯಾಗ್ನೋಸ್ಟಿಕ್ ಸೆಂಟರೊಂದರ ಮೇಲಿನ ಮಹಡಿಯಲ್ಲಿ ಅವನದೊಂದು ಶಾಲೆ. ಮನೆಯಲ್ಲೇ ಕುಳಿತು ಅಂತರ್ಜಾಲಕ್ಕೆ ಲೇಖನ ಬರೆದು ಸಂಪಾದಿಸುವುದನ್ನು ಹೆಂಗಸರಿಗೆ ಕಲಿಸುವ ಶಾಲೆ. ಪಾಠ ಬರೆಯುವವನು ತೊಫಾಜ್ಜಲ್. ಕ್ಯಾಮೆರಾದ ಮುಂದೆ ನಿಂತು ಅದನ್ನು ಒಪ್ಪಿಸುವವನು ರೆಜ್ವಾನ್.

ಆ ಪಾಠಗಳ ಸಾರ ಒಂದೇ. ಬರೆದ ಲೇಖನವನ್ನು ಸರ್ಚ್ ಎಂಜಿನ್ ತನ್ನ ಪಟ್ಟಿಗೆ ಸೇರಿಸಿಕೊಳ್ಳದಿದ್ದರೆ ಅದು ಇದ್ದೂ ಇಲ್ಲದಂತೆ. ಯಾರು ಹುಡುಕಿದರೂ ಸಿಗುವುದಿಲ್ಲ. ನೂರು ಕಡೆ ಇರುವುದನ್ನೇ ತಿರುಗಿಸಿ ಬರೆದರೆ ಯಂತ್ರ ಬಂದು ನೋಡಿ, ಸೇರಿಸಿಕೊಳ್ಳದೆ ಹೋಗುತ್ತದೆ. ಸ್ವಂತ ಕಣ್ಣಿಂದ ಕಂಡದ್ದಿದ್ದರೆ ನಿಲ್ಲುತ್ತದೆ. ತೊಫಾಜ್ಜಲ್ ಇದನ್ನು ಕಲಿತದ್ದು ಫ್ರಿಜ್, ತಲೆಗೂದಲಿನ ಎಣ್ಣೆ, ನೀರಿನ ಪಂಪುಗಳ ಬಗ್ಗೆ ಹೆಸರಿಲ್ಲದ ಲೇಖನಗಳನ್ನು ಬರೆದೂ ಬರೆದೂ. ಆ ವಿದ್ಯೆಯಿಂದಲೇ ರೆಜ್ವಾನನ ಶಾಲೆಯನ್ನು ಮುಗಿಸಬಹುದು ಎಂಬ ಯೋಚನೆ ಟೀ ಲೋಟ ಕೆಳಗಿಡುವ ಹೊತ್ತಿಗೆ ಬಂದಿತ್ತು.

ಅವಸರಪಡುವ ಸ್ವಭಾವ ಅವನದಲ್ಲ. ಮೊದಲು ಒಬ್ಬಳು ಹುಡುಗಿಯನ್ನು ಸೃಷ್ಟಿಸಿದ. ಶೆಫಾಲಿ ಖಾತುನ್, ಪಕ್ಕದ ನಾಟೋರ್ ಪಟ್ಟಣದ ಕಡೆಯವಳು, ತಂದೆಯಿಲ್ಲ, ಶಾಲೆಗೆ ಸೇರಿ ಮೋಸಹೋದವಳು. ಅಂಥ ಹೆಸರಿನ ಎಷ್ಟೋ ಹುಡುಗಿಯರು ಬಂದುಹೋಗಿದ್ದರು, ಅವಳು ಇವಳೇ ಎಂದು ಬೊಟ್ಟುಮಾಡಲು ಯಾರಿಗೂ ಆಗದು. ಗುರುತು ಸಿಗದಂತೆ, ಮನೆಯಿಂದಾಗಲಿ ಕಚೇರಿಯಿಂದಾಗಲಿ ಅಂತರ್ಜಾಲಕ್ಕೆ ಒಂದಕ್ಷರವನ್ನೂ ಹಾಕಬಾರದು. ಅದಕ್ಕೆ ರಜೆಯ ದಿನವಾದ ಶುಕ್ರವಾರ ಬಸ್ಸು ಹತ್ತಿ ನಾಟೋರ್‌ಗೆ ಹೋಗುತ್ತಿದ್ದ. ಅಲ್ಲಿ ನಿಲ್ದಾಣದೆದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಕಾಲೇಜು ಹುಡುಗರ ನಡುವೆ ಕೂತು ಕೆಲಸ ಮುಗಿಸುತ್ತಿದ್ದ. ಮನೆಯಲ್ಲಿ ಅಕ್ಕನನ್ನು ನೋಡಲು ಹೋಗುತ್ತೇನೆಂದು ಹೇಳಿದ್ದ.

"ಅಕ್ಕನ ಮನೆಗೆ ಹೋಗಿ ಬರಿಗೈಲಿ ಬರ್ತೀರಲ್ಲ" ಎಂದಳು ಹೆಂಡತಿ ಜಹಾನಾರಾ. "ನಾಟೋರ್‌ನಲ್ಲಿ ಕಾಚಾಗೊಲ್ಲಾ ಮಾಡೋದು ನಿಲ್ಲಿಸಿಬಿಟ್ರಾ? ಅಥವಾ ನಿಮ್ಮಕ್ಕ ನನಗೆ ಕೊಡಬೇಡ ಅಂದ್ರಾ?"

ಮುಂದಿನ ಸಲದಿಂದ ತಪ್ಪದೆ ಆ ಸಿಹಿಯ ಪೊಟ್ಟಣ ತಂದ. ಇಂಥ ಸಣ್ಣ ತೂತುಗಳನ್ನು ಮುಚ್ಚುವುದರಲ್ಲಿ ಅವನಿಗೊಂದು ಸಮಾಧಾನ ಸಿಗುತ್ತಿತ್ತು. ಬರಹದಲ್ಲೂ ಹಾಗೆಯೇ. ಉಪಸಂಪಾದಕನ ಕಾಲದಿಂದ ಅವನಿಗೆ 'ವಸ್ತುತಃ' ಎಂಬ ಪದದ ಚಟ, ಅದನ್ನು ಕಿತ್ತ. ಉದ್ದ ವಾಕ್ಯಗಳನ್ನು ಮುರಿದ. ವಿದ್ಯಾರ್ಥಿನಿಯರು ಯಾವಾಗಲೂ ತಪ್ಪುವ ಕಾಗುಣಿತಗಳನ್ನು ಅಲ್ಲಲ್ಲಿ ಬೇಕೆಂದೇ ತಪ್ಪಾಗಿ ಬರೆದ.

ಆದರೂ ಮೊದಲ ಲೇಖನ ಬಿದ್ದುಹೋಯಿತು. ರೆಜ್ವಾನ್ ಹುಡುಗಿಯರ ಮೂಲ ಸರ್ಟಿಫಿಕೇಟುಗಳನ್ನು ಕಿತ್ತಿಟ್ಟುಕೊಂಡು, ಬಿಟ್ಟಿ ದುಡಿಸಿಕೊಂಡು, ಕೇಳಿದರೆ ಹೆದರಿಸುತ್ತಾನೆ ಎಂಬುದು ಅವನು ಕಟ್ಟಿದ ಸುಳ್ಳು. ಅದನ್ನು ಬೇರೆ ಊರಿನ ಮೋಸಗಳ ಸುದ್ದಿಯಿಂದ ಅಲ್ಲೊಂದು ಇಲ್ಲೊಂದು ಸಾಲೆತ್ತಿ ಹೆಣೆದಿದ್ದ. ಎಷ್ಟು ಶುಕ್ರವಾರ ಹೋಗಿ ನೋಡಿದರೂ ಪರದೆಯ ಮೇಲೆ ಅದೇ ಉತ್ತರ: ಪುಟ ನೋಡಲಾಗಿದೆ, ಸೇರಿಸಿಲ್ಲ. ಇನ್ನೆರಡು ಬರೆದ. ಅವೂ ಅಷ್ಟೆ. ತಾನು ಹುಡುಗಿಯರ ಬರಹಗಳಿಗೆ ಹಾಕುತ್ತಿದ್ದ ಷರಾವನ್ನು ಯಂತ್ರ ತನಗೇ ಹಾಕಿದಂತಾಗಿ, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಸುಮ್ಮನೆ ನಕ್ಕ. ಸುಸ್ತಾಗಿತ್ತು. ಬಿಟ್ಟುಬಿಡಬಹುದಿತ್ತು. ಆದರೆ ಕೆಟ್ಟ ಲೇಖನವೊಂದನ್ನು ಹಾಗೇ ಬಿಟ್ಟು ಏಳುವುದು ಅವನಿಂದಾಗುತ್ತಿರಲಿಲ್ಲ.

ಹೊಸದಾಗಿ ಶುರುಮಾಡಿದ. ಈ ಸಲ ತನ್ನ ಪಾಠಕ್ಕೆ ತಾನೇ ವಿದ್ಯಾರ್ಥಿಯಾದ. ಮೆಟ್ಟಿಲಿನಲ್ಲಿ ಫಿನೈಲ್ ವಾಸನೆಯ ನಡುವೆ ಎಕ್ಸ್‌ರೇ ಲಕೋಟೆ ಹಿಡಿದು ಕೂತ ರೋಗಿಗಳನ್ನು ದಾಟಿಕೊಂಡು ಶೆಫಾಲಿಯನ್ನು ಮೇಲೆ ಹತ್ತಿಸಿದ. ಕರೆಂಟು ಹೋದಾಗ ಕೆಳಗಿನ ಜನರೇಟರಿಗೆ ತರಗತಿಯ ಗಾಜುಗಳು ನಡುಗುವುದನ್ನು ಅವಳಿಗೆ ಕೇಳಿಸಿದ. ಬೀದಿಯಲ್ಲಿ ಕಾದ ಮಣ್ಣಿನ ಹೆಂಚಿನ ಮೇಲೆ ಉದ್ದಿನ ಹಿಟ್ಟಿನ ಕಲಾಯಿ ರೊಟ್ಟಿ ತಟ್ಟುವ ಹೆಂಗಸಿನ ಮುಂದೆ, ಹಸಿವಿದ್ದೂ ನಿಲ್ಲದೆ ನಡೆದುಹೋಗುವಂತೆ ಮಾಡಿದ. ಊರಿನಲ್ಲಿ ತಾಯಿ 'ಏನಮ್ಮ ಕಲಿತೆ ಇವತ್ತು' ಎಂದು ಫೋನಿನಲ್ಲಿ ಕೇಳಿದಾಗ ಸುಳ್ಳು ಹೇಳಿಸಿದ. ಸುತ್ತಲಿನದೆಲ್ಲ ನಿಜ, ನಡುವಿನದೊಂದೇ ಸುಳ್ಳು. ಬರೆಯುತ್ತ ಬರೆಯುತ್ತ ಅವನಿಗೆ ಶೆಫಾಲಿಯ ಮೇಲೆ ಮರುಕ ಹುಟ್ಟಿತು. ತನ್ನ ಜೀವಮಾನದಲ್ಲಿ ಇದಕ್ಕಿಂತ ಚೆನ್ನಾಗಿ ಏನನ್ನೂ ಬರೆದಿಲ್ಲ ಎಂದು ತಿಳಿಯಿತು. ಇದರ ಮೇಲೂ ತನ್ನ ಹೆಸರಿಲ್ಲ ಎಂಬುದೂ ತಿಳಿಯಿತು.

ಅದನ್ನು ಹಾಕಿ, ಮುಂದಿನ ಶುಕ್ರವಾರ ಹೋಗಿ ನೋಡಿದಾಗ ಪರದೆಯಲ್ಲಿ ಬೇರೆ ಉತ್ತರವಿತ್ತು. ಸೇರಿಸಲಾಗಿದೆ. ಸ್ವಲ್ಪ ದಿನಗಳಲ್ಲೇ ಶಾಲೆಯ ಹೆಸರು ಹುಡುಕಿದವರಿಗೆ ಶಾಲೆಯ ಪುಟಕ್ಕಿಂತ ಮೊದಲು ಶೆಫಾಲಿ ಸಿಗತೊಡಗಿದಳು. ಜನ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು ಅತ್ತರು.

ನಂತರದ್ದು ಅವನು ಲೆಕ್ಕಹಾಕಿದಂತೆಯೇ ನಡೆಯಿತು. ಪುಠಿಯಾದಿಂದ ಒಬ್ಬ ತಂದೆ ಮಗಳ ಸರ್ಟಿಫಿಕೇಟು ವಾಪಸು ಕೊಡಿ ಎಂದು ಕೂಗಾಡುತ್ತ ಬಂದ. ಮಗಳ ಸರ್ಟಿಫಿಕೇಟು ಅವನ ಮನೆಯ ಬೀರುವಿನಲ್ಲೇ ಇತ್ತು, ಆದರೂ ಮಗಳನ್ನು ಕರೆದುಕೊಂಡೇ ಹೋದ. ಪತ್ರಕರ್ತರು ಫೋನು ಮಾಡಿದರು. ಹೊಸ ತಂಡಕ್ಕೆ ಯಾರೂ ಸೇರಲಿಲ್ಲ. ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒತ್ತಿದರು.

ಫೆರ್ದೌಸಿಯ ತರಗತಿಯೂ ನಿಂತಿತು. ಅವಳು ಶಾಲೆಯ ಮೊದಲ ತಂಡದಲ್ಲಿ ಕಲಿತು ಅಲ್ಲೇ ಪಾಠ ಹೇಳುತ್ತಿದ್ದವಳು. ಗಂಡ ಬಿಟ್ಟುಹೋದ ಮೇಲೆ ಮಗಳನ್ನೂ ತಾಯಿಯನ್ನೂ ಈ ಕೆಲಸದಿಂದಲೇ ಸಾಕುತ್ತಿದ್ದಳು. ತೊಫಾಜ್ಜಲ್ ಅವಳ ವಿಷಯವನ್ನೂ ಮೊದಲೇ ಯೋಚಿಸಿದ್ದ. ಚುರುಕಾದ ಹೆಂಗಸು, ಬೇರೆ ಕಡೆ ಸಿಕ್ಕೀತು ಎಂದುಕೊಂಡು ಆ ಯೋಚನೆಯನ್ನು ಅಲ್ಲಿಗೇ ಮುಗಿಸಿದ್ದ.

"ಯಾವ ಶೆಫಾಲಿ ಇವಳು? ನನಗೆ ನೆನಪೇ ಬರ್ತಿಲ್ಲ ಭಾಯ್" ಎಂದಳು ಅವಳು ಒಂದು ದಿನ. "ಸರ್ಟಿಫಿಕೇಟ್ ಕಿತ್ಕೊಂಡಿದ್ದು ಸುಳ್ಳು, ಅದು ನಂಗೆ ಗೊತ್ತು. ಆದ್ರೆ ಓದ್ತಾ ಇದ್ರೆ ನಾನೇ ನಂಬಿಬಿಡ್ತೀನಿ. ಎಷ್ಟು ಚೆನ್ನಾಗಿ ಬರೆದಿದಾಳೆ ಪಾಪಿ!"

"ಹೌದಾ?" ಎಂದ ತೊಫಾಜ್ಜಲ್. ಇನ್ನೂ ಏನಾದರೂ ಹೇಳುತ್ತಾಳೆಂದು ಕಾದ. ಅವಳು ಮೂಗು ಒರೆಸಿಕೊಂಡು ಎದ್ದುಹೋದಳು.

ರೆಜ್ವಾನ್ ಅವನ ಮೇಜಿನ ಹತ್ತಿರ ತಾನಾಗಿ ಬಂದದ್ದು ಅದಾದ ಮೇಲೆ. ಗಡ್ಡ ಬೆಳೆದಿತ್ತು, ಕಣ್ಣುಗಳು ಒಳಗಿಳಿದಿದ್ದವು. ಕುರ್ಚಿ ಎಳೆದುಕೊಂಡು, ಹಳೆಯ ಪತ್ರಿಕೆಯ ದಿನಗಳಲ್ಲಿ ಕೂರುತ್ತಿದ್ದಂತೆ ಪಕ್ಕದಲ್ಲೇ ಕೂತ.

"ಭಾಯ್, ನೀವು ಉತ್ತರ ಬರೀಬೇಕು. ಇವಳ ಮುಂದೆ ನಿಲ್ಲೋ ಹಾಗೆ ಬರೆಯೋರು ಈ ಊರಲ್ಲಿ ನೀವೊಬ್ಬರೇ. ನಿಮ್ಮ ಹೆಸರಲ್ಲೇ ಬರಲಿ. ಪಾಠಗಳ ಮೇಲೂ ನಿಮ್ಮ ಹೆಸರು ಹಾಕಿಸ್ತೀನಿ. ಅವತ್ತು ನಾನು ನಗಬಾರದಿತ್ತು."

ಬೇಕಾಗಿದ್ದು ಇಷ್ಟೇ. ಕೈಗೆ ಬಂದಾಗ ತೊಫಾಜ್ಜಲನಿಗೆ ಏನೂ ಅನ್ನಿಸಲಿಲ್ಲ. ಮನೆಗೆ ಹೋಗಿ ಮಲಗಬೇಕು ಅನ್ನಿಸಿತು. ಶೆಫಾಲಿಯನ್ನು ಅಳಿಸಿಹಾಕಲೇ ಎಂದೂ ಒಂದು ಕ್ಷಣ ಯೋಚಿಸಿದ. ಆದರೆ ಅವನು ಬರೆದದ್ದರಲ್ಲೆಲ್ಲ ಒಳ್ಳೆಯ ಬರಹ ಅದೇ, ಕೈ ಬರಲಿಲ್ಲ. ಉತ್ತರ ಬರೆಯಲು ಒಪ್ಪಿಕೊಂಡ. ಅದು ಎಂಥದಿರಬೇಕೆಂಬುದನ್ನೂ ಅಲ್ಲೇ ತೀರ್ಮಾನಿಸಿದ. ಸಭ್ಯ, ಸಪ್ಪೆ, ಎಲ್ಲರೂ ಬರೆಯುವಂಥದು. ಯಂತ್ರ ನೋಡಿ, ಸೇರಿಸಿಕೊಳ್ಳದೆ ಹೋಗಬೇಕು. ಬರೆದು ಕೊಟ್ಟ. ಕೆಟ್ಟದಾಗಿ ಬರೆಯಲು ಇಷ್ಟು ಹೆಣಗಬೇಕಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮರುದಿನ ರೆಜ್ವಾನ್ ತನ್ನ ಕೋಣೆಗೆ ಕರೆದಾಗ ಫೆರ್ದೌಸಿ ಮೊದಲೇ ಅಲ್ಲಿ ಕೂತಿದ್ದಳು. ಉತ್ತರ ಸಪ್ಪೆಯಾಯಿತು ಎಂಬ ಮಾತು ಬರುತ್ತದೆ, ವಯಸ್ಸಾಯಿತು ಕಣಪ್ಪ, ಕೈ ಓಡುತ್ತಿಲ್ಲ ಎಂದರಾಯಿತು ಎಂದುಕೊಂಡು ತೊಫಾಜ್ಜಲ್ ಒಳಗೆ ಬಂದ. ಆದರೆ ಆ ಉತ್ತರದ ಮಾತನ್ನು ಇಬ್ಬರೂ ಎತ್ತಲಿಲ್ಲ. ರೆಜ್ವಾನ್ ನೆಲ ನೋಡುತ್ತಿದ್ದ. ಫೆರ್ದೌಸಿ ಫೋನಿನಲ್ಲಿ ಶೆಫಾಲಿಯ ಲೇಖನ ತೆರೆದು, ಜನ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದ ಸಾಲುಗಳನ್ನು ತರಗತಿಯಲ್ಲಿ ಓದುವಂತೆ ನಿಧಾನವಾಗಿ ಓದಿದಳು. 'ಟಾಯ್ಲೆಟ್ಟಿಗೆ ಹೋಗಿ ಅಳುತ್ತಿದ್ದೆ. ಅಲ್ಲಿನ ಕನ್ನಡಿ ಮೂಲೆಯಿಂದ ಮೂಲೆಗೆ ಸೀಳಿತ್ತು. ಅದರಲ್ಲಿ ನನ್ನ ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ.'

"ಇದನ್ನ ಓದಿದಾಗೆಲ್ಲ ಅಳು ಬರ್ತಿತ್ತು ಭಾಯ್" ಎಂದಳು ಫೆರ್ದೌಸಿ. "ನಿನ್ನೆ ಅತ್ತು ಮುಖ ತೊಳೆಯೋಕೆ ಹೋದೆ. ತೊಳ್ಕೊಂಡು ತಲೆ ಎತ್ತಿದ್ರೆ ಎದುರಿಗೆ ಬರೀ ಗೋಡೆ. ನಮ್ಮ ಹೆಂಗಸರ ಟಾಯ್ಲೆಟ್ಟಿನಲ್ಲಿ ಕನ್ನಡಿ ಯಾವತ್ತೂ ಇರಲಿಲ್ಲ, ಹಾಕಿಸಿ ಹಾಕಿಸಿ ಅಂತ ಇವರನ್ನ ಕೇಳಿ ಕೇಳಿ ನಮಗೇ ಸಾಕಾಗಿತ್ತು. ಸೀಳಿರೋ ಕನ್ನಡಿ ಇರೋದು ಗಂಡಸರದ್ರಲ್ಲಿ, ಇವಾಗ ರೆಜ್ವಾನ್ ಭಾಯ್ ಕೈಲಿ ಬೀಗ ಒಡೆಸಿ, ಜೊತೆ ಹೋಗಿ ನೋಡ್ಕೊಂಡು ಬಂದೆ. ಇವರಿಗೆ ಈ ಕೋಣೆಯೊಳಗೇ ಬೇರೆ ಇದೆ. ಕೆಳಗಿನ ರೋಗಿಗಳು ಬರ್ತಾರೆ ಅಂತ ಗಂಡಸರದ್ದಕ್ಕೆ ಬೀಗ ಹಾಕಿ, ಕೀಲಿಯನ್ನ ನೀವು ನಿಮ್ಮ ಜೇಬಲ್ಲೇ ಇಟ್ಕೋತೀರಲ್ಲ ಭಾಯ್."